ತುಕ್ಕು ಹೋಗಬೇಕು, ನಂಬರ್ ಉಳಿಯಬೇಕು: ಯಾವ ದಾರಿ ಮೇಲು?

ಹಳೇ ಕಾರಿನ ಕೆಲಸಕ್ಕೆ ಕೈ ಹಾಕಿದವರಿಗೆ ತುಕ್ಕಿನ ಸಹವಾಸ ತಪ್ಪಿದ್ದಲ್ಲ. ತೆಗೆಯೋಕೆ ದಾರಿಗಳೂ ಬೇಕಾದಷ್ಟಿವೆ. ವೈರ್ ಬ್ರಷ್, ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಜೋರಿಗೆ ಮರಳು ಹೊಡೆಸೋದು), ವಿನೆಗರ್, ಕಾಕಂಬಿ, ಎಲೆಕ್ಟ್ರಾಲಿಸಿಸ್ (ಸೋಡಾ ನೀರಲ್ಲಿ ಮುಳುಗಿಸಿ ಕರೆಂಟ್ ಹಾಯಿಸೋದು) ಎಲ್ಲವನ್ನೂ ಮಾಡಿ ನೋಡಿದ್ದೇನೆ. ಯಾವುದು ಬೇಗ ಮುಗಿಯುತ್ತೆ ಅನ್ನೋದು ನನಗೆ ಎರಡನೇ ಮಾತು. ತುಕ್ಕು ಹೋದ ಮೇಲೆ ಅದರ ಕೆಳಗಿನ ನಂಬರಿನ ಗುರುತು ಓದೋಕೆ ಬರುತ್ತಾ, ಅದು ಮೊದಲು.

ಯಾಕೆಂದರೆ ಹಳೇ ಗಾಡಿ ಯಾವ ವರ್ಷದ್ದು ಅಂತ ತಿಳಿಯೋದು ಆ ಗುರುತಿನಿಂದಲೇ. ಈಗಿನ 17 ಅಕ್ಷರ-ಅಂಕಿಗಳ ವಿನ್ ನಂಬರ್ (ಗಾಡಿಯ ಗುರುತಿನ ನಂಬರ್) ಅಮೆರಿಕದಲ್ಲಿ ಕಡ್ಡಾಯವಾಗಿದ್ದೇ 1981ರ ಮಾಡೆಲ್‌ಗಳಿಂದ. ಅದಕ್ಕೂ ಹಿಂದೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿಯಲ್ಲಿ ಎಂಜಿನ್ ನಂಬರೇ ಗಾಡಿಯ ನಂಬರ್. ಹಳೇ ಷೆವರ್ಲೆಯ ಎಂಟು ಸಿಲಿಂಡರಿನ ವಿ8 ಎಂಜಿನ್ ಬ್ಲಾಕಿನ ಮೇಲೆ ಎರಕ ಹೊಯ್ದ ತಾರೀಖೇ ಇರುತ್ತದೆ, ‘ಎ’ ಅಂದರೆ ಜನವರಿ, ‘ಬಿ’ ಅಂದರೆ ಫೆಬ್ರವರಿ. ಎರಕದ ಅಕ್ಷರ ಉಬ್ಬಿರುತ್ತದೆ, ಅಷ್ಟು ಸುಲಭಕ್ಕೆ ಹೋಗಲ್ಲ. ಪಂಚಿನಿಂದ ಒತ್ತಿ ತಗ್ಗಾಗಿ ಮೂಡಿಸಿದ ನಂಬರ್ ಹಾಗಲ್ಲ. ಉಗುರಾಡಿಸಿದರೂ ಗೊತ್ತಾಗದಷ್ಟು ತೆಳು ಇರಬಹುದು. ತಲೆನೋವೆಲ್ಲ ಇದರದ್ದೇ.

ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜಿದರೆ ಕಣ್ಣೆದುರಿಗೇ ಹೊಳಪು ಬರುತ್ತದೆ. ಆ ಹೊಳಪನ್ನು ನಂಬಬೇಡಿ. ಸಣ್ಣ ಗುಂಡಿಗಳಲ್ಲಿ ತುಕ್ಕು ಹಾಗೇ ಕೂತಿರುತ್ತದೆ, ಮೇಲ್ಮೈ ಮಾತ್ರ ನುಣುಪಾಗಿರುತ್ತದೆ. ತಂತಿ ಚೂರು ಸಿಡಿಯುತ್ತವೆ, ಕಣ್ಣಿಗೆ ಕನ್ನಡಕ ಇರಲೇಬೇಕು. ಸಿಪ್ಪೆ ಎದ್ದ ತುಕ್ಕನ್ನು ಉದುರಿಸೋಕೆ ಸರಿ, ನಂಬರ್ ಹತ್ತಿರ ಬೇಡ.

ಚಾಸಿಯಂಥ (ಗಾಡಿಯ ಕೆಳಗಿನ ಚೌಕಟ್ಟು) ದೊಡ್ಡ, ದಪ್ಪ ಭಾಗಕ್ಕೆ ಸ್ಯಾಂಡ್ ಬ್ಲಾಸ್ಟಿಂಗ್ ಬಿಟ್ಟರೆ ಬೇರೆ ಅನುಕೂಲದ ದಾರಿ ನನಗೆ ಕಂಡಿಲ್ಲ. ಆದರೆ ತೆಳು ಬಾಗಿಲು, ಬಾನೆಟ್ಟಿಗೆ ಅದೇ ಜೋರು ಹಿಡಿದರೆ ತಗಡು ಸೊಟ್ಟಗಾಗುತ್ತದೆ. ಎಂಜಿನ್ ಭಾಗಗಳಿಗೆ ಮಾಡಿಸಿದರೆ ಆಯಿಲ್ ಹೋಗುವ ದಾರಿಯಲ್ಲಿ ಮರಳು ಸೇರಿಕೊಳ್ಳುತ್ತೆ. ನಿಜವಾದ ಮರಳಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಸಿಲಿಕೋಸಿಸ್ ತರುತ್ತದೆ. ಗಾರ್ನೆಟ್ ಕಲ್ಲಿನ ಪುಡಿ ಅಥವಾ ಗಾಜಿನ ಮಣಿ ವಾಸಿ, ಆಗಲೂ ಮಾಸ್ಕ್ ಬೇಕೇ ಬೇಕು. ನಂಬರ್ ಇರುವ ಜಾಗಕ್ಕೆ ದಪ್ಪ ರಬ್ಬರ್ ಅಂಟಿಸಿ ಕೊಡಿ. ಬ್ಲಾಸ್ಟಿಂಗ್ ಮಾಡುವವರಿಗೆ ಅದೂ ಒಂದು ಕಬ್ಬಿಣ ಅಷ್ಟೇ!

ವಿನೆಗರ್ ಸುಲಭ. ಸಣ್ಣ ಬೋಲ್ಟು, ಬ್ರಾಕೆಟ್ಟುಗಳನ್ನು ರಾತ್ರಿ ಮುಳುಗಿಸಿಟ್ಟರೆ ಬೆಳಿಗ್ಗೆಗೆ ಸಾಕು. ಮರೆತು ಬಿಟ್ಟರೆ ತುಕ್ಕಿನ ಜೊತೆ ಲೋಹವನ್ನೂ ತಿನ್ನುತ್ತದೆ. ಆಚೆ ತೆಗೆದ ಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆಯದಿದ್ದರೆ ಆಸಿಡ್ ಅಲ್ಲೇ ಉಳಿಯುತ್ತದೆ.

ನಿಜವಾದ ಪೈಪೋಟಿ ಇರೋದು ಕಾಕಂಬಿಗೂ ಎಲೆಕ್ಟ್ರಾಲಿಸಿಸ್‌ಗೂ. ಕಾಕಂಬಿ ಒಂದು ಪಾಲು, ನೀರು ಒಂಬತ್ತು ಪಾಲು. ಭಾಗ ಮುಳುಗಿಸಿ ವಾರಗಟ್ಟಲೆ ಸುಮ್ನೆ ಬಿಡೋದು. ಕರೆಂಟ್ ಬೇಡ, ಕಾವಲೂ ಬೇಡ. ಸಂದುಗೊಂದಿಗೂ ಇಳಿಯುತ್ತದೆ, ಒಳ್ಳೆ ಕಬ್ಬಿಣದ ತಂಟೆಗೆ ಹೋಗೋದು ತೀರಾ ಕಮ್ಮಿ. ಹುಳಿ ಬಂದ ಮೇಲಿನ ನಾತ ಮಾತ್ರ ಸಹಿಸೋಕಾಗಲ್ಲ, ಮನೆ ಗೋಡೆಗೆ ಹತ್ತಿರ ಇಡಬೇಡಿ.

ಎಲೆಕ್ಟ್ರಾಲಿಸಿಸ್‌ಗೆ ಪ್ಲಾಸ್ಟಿಕ್ ಟಬ್ಬು, ಲೀಟರಿಗೆ ಒಂದು ಚಮಚದಂತೆ ವಾಷಿಂಗ್ ಸೋಡಾ ಬೆರೆಸಿದ ನೀರು, 12 ವೋಲ್ಟ್ ಬ್ಯಾಟರಿ ಚಾರ್ಜರ್ ಸಾಕು. ಹೊಸ ಸ್ಮಾರ್ಟ್ ಚಾರ್ಜರುಗಳು ಎದುರಿಗೆ ಬ್ಯಾಟರಿ ಕಾಣದೆ ಚಾಲೂ ಆಗಲ್ಲ, ಹಳೇ ಥರದ್ದೇ ಬೇಕು. ನಮ್ಮ ಭಾಗಕ್ಕೆ ನೆಗೆಟಿವ್, ಬೇಡದ ಕಬ್ಬಿಣದ ತುಂಡಿಗೆ ಪಾಸಿಟಿವ್. ಉಲ್ಟಾ ಕೊಟ್ಟರೆ ಕರಗೋದು ನಮ್ಮ ಭಾಗವೇ. ಬೇಡದ ತುಂಡು ಸ್ಟೇನ್‌ಲೆಸ್ ಆಗಿರಬಾರದು, ನೀರಿಗೆ ವಿಷದ ಕ್ರೋಮಿಯಂ ಬಿಡುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ. ಹಾಗಾಗಿ ಬಯಲಲ್ಲೇ ಮಾಡಬೇಕು, ಸ್ವಿಚ್ ಆಫ್ ಮಾಡಿಯೇ ಕ್ಲಿಪ್ ಮುಟ್ಟಬೇಕು. ಕಬ್ಬಿಣದ ತುಂಡಿಗೆ ಎದುರಾಗಿರುವ ಮಗ್ಗುಲು ಚೆನ್ನಾಗಿ ಬಿಡುತ್ತದೆ, ಹಿಂದಿನದು ಅಷ್ಟಿಲ್ಲ. ಆಗಾಗ ತಿರುಗಿಸಿ ಇಡಬೇಕು.

ಇಷ್ಟೆಲ್ಲ ರಗಳೆ ಇದ್ದರೂ ನಂಬರ್ ಇರುವ ಭಾಗಕ್ಕೆ ನನ್ನ ಓಟು ಇದಕ್ಕೇ. ಇದು ಗಟ್ಟಿ ಲೋಹವನ್ನು ಕೆರೆಯಲ್ಲ. ತುಕ್ಕು ಕಪ್ಪು ಲೋಳೆಯಾಗಿ ಸಡಿಲವಾಗುತ್ತೆ, ಹಳೇ ಟೂತ್‌ಬ್ರಷ್ಷಿಗೇ ಬರುತ್ತೆ. ಒಂದು ಚಾಸಿ ತುಂಡಿನ ಮೇಲೆ 3ರಂತೆ ಕಾಣುತ್ತಿದ್ದ ಅಂಕಿ, ಲೋಳೆ ಒರೆಸಿದ ಮೇಲೆ ಎಡಗಡೆಯ ಸುತ್ತೂ ತುಂಬಿಕೊಂಡು 8 ಆಗಿತ್ತು. ಗ್ರೈಂಡರ್ ತಗುಲಿದ್ದರೆ ಆ ಎಡಗಡೆ ಉಳೀತಿತ್ತಾ ಅನ್ನೋದು ಅನುಮಾನ. ಕಾಕಂಬಿಯಲ್ಲೂ ಅಂಕಿ ಉಳಿಯುತ್ತವೆ. ಆದರೆ ಗಾಡಿ ಯಾವ ವರ್ಷದ್ದು ಅಂತ ಗೊತ್ತಾಗದೆ ಬಿಡಿಭಾಗ ತರಿಸೋಕಾಗಲ್ಲ, ಅದಕ್ಕೆ ವಾರಗಟ್ಟಲೆ ಯಾರು ಕಾಯ್ತಾರೆ?

ಯಾವ ದ್ರಾವಣದಿಂದ ತೆಗೆದರೂ ಕಬ್ಬಿಣ ನೋಡನೋಡುತ್ತಲೇ ಮತ್ತೆ ಕೆಂಪಾಗುತ್ತದೆ. ತಕ್ಷಣ ಒಣಗಿಸಿ, ನಂಬರಿಗೆ ಟಾರ್ಚ್ ಓರೆಯಾಗಿ ಹಿಡಿದು ಫೋಟೋ ತೆಗೆದುಕೊಳ್ಳಿ, ಆಮೇಲೆ ಎಣ್ಣೆ ಸವರಿ. ಸ್ಪ್ರಿಂಗುಗಳನ್ನು ವಿನೆಗರಿಗೂ ಕರೆಂಟಿಗೂ ಹಾಕಬೇಡಿ, ಹೈಡ್ರೋಜನ್ ಹೊಕ್ಕು ಪೆಡಸಾಗಿ ಮುರಿಯುತ್ತವೆ. ಅಲ್ಯೂಮಿನಿಯಂ ಭಾಗಗಳನ್ನಂತೂ ಈ ಮೂರು ಟಬ್ಬುಗಳಿಂದಲೂ ದೂರ ಇಡಿ.