ಸಿಂಕ್ ಕಟ್ಟಿಕೊಂಡಿದೆ ಅಂತ ಪೌಡರ್ ಮೇಲೆ ಆಸಿಡ್ ಸುರಿಯಬೇಡಿ

ಯುಗಾದಿಯ ಹಿಂದಿನ ದಿನ ನಮ್ಮ ರಾಯಚೂರಿನ ಮನೆಯಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯವರ ಬಲಗೈ ಮೇಲೆ ಇನ್ನೂ ಕಲೆ ಇದೆ. ಕಣ್ಣು ಉಳಿದದ್ದು ಅವರು ಕನ್ನಡಕ ಹಾಕಿಕೊಂಡಿದ್ದರಿಂದ. ದಯವಿಟ್ಟು ಪೂರ್ತಿ ಓದಿ, ಮನೆಯಲ್ಲಿ ಎಲ್ಲರಿಗೂ ಹೇಳಿ.

ನಮ್ಮದು ದಿನಾ ಎರಡು ಹೊತ್ತು ಜೋಳದ ರೊಟ್ಟಿ ಮಾಡುವ ಮನೆ. ಹಿಟ್ಟು ನಾದಿದ ಪರಾತವನ್ನು ಸಿಂಕಿನಲ್ಲೇ ತೊಳೆಯುತ್ತಿದ್ದೆವು. ಒಂದು ವಾರದಿಂದ ನೀರು ನಿಧಾನವಾಗಿ ಇಳಿಯುತ್ತಿತ್ತು. ಹಬ್ಬಕ್ಕೆ ನೆಂಟರು ಬಂದರು, ಹೋಳಿಗೆಯ ಹೂರಣದ ಪಾತ್ರೆಗಳು ಬಿದ್ದವು, ನೀರು ನಿಂತೇ ಬಿಟ್ಟಿತು.

ಮೊದಲ ತಪ್ಪು ನಂದು. ಎರಡು ಪಾತ್ರೆ ಕುದಿಯುವ ನೀರು ಸುರಿದೆ. ಸ್ವಲ್ಪ ಯೋಚನೆ ಮಾಡಿದ್ದರೆ ನನಗೇ ಗೊತ್ತಾಗಬೇಕಿತ್ತು. ರೊಟ್ಟಿಗೆ ಎಸರಿನ ನೀರು ಹಾಕಿ ಯಾಕೆ ನಾದುತ್ತೇವೆ? ಹಿಟ್ಟು ಜಿಗುಟಾಗಿ ಒಂದಕ್ಕೊಂದು ಹಿಡಿದುಕೊಳ್ಳಲಿ ಅಂತ ಅಲ್ವಾ? ಪೈಪಿನೊಳಗೂ ಅದೇ ಆಯಿತು. ಅಲ್ಲಿದ್ದ ಹಿಟ್ಟು ಬೆಂದು ಅಂಬಲಿಯಾಗಿ, ಇನ್ನೂ ಗಟ್ಟಿಯಾಗಿ ಕೂತಿತು. ಬಿಸಿ ನೀರು ಬರೀ ಎಣ್ಣೆ ಜಿಡ್ಡಿಗೆ ಸರಿ. ಅದೂ ಕೈ ತಡೆಯುವಷ್ಟು ಬಿಸಿ ಸಾಕು. ಪಿವಿಸಿ ಪೈಪು 60 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ.

ಆಮೇಲೆ ಪೈಪ್ ಕ್ಲೀನ್ ಮಾಡುವ ಪೌಡರ್ ತಂದು ಹಾಕಿದೆವು. ಅದರಲ್ಲಿ ಮುಖ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ನೀರಿಗೆ ಬಿದ್ದ ಕೂಡಲೇ ಅದು ತಾನಾಗಿ ಕಾಯುತ್ತದೆ. ಜಿಡ್ಡನ್ನು ಸೋಪಿನಂತೆ ಮಾಡಿ ಕರಗಿಸುತ್ತದೆ. ಅರ್ಧ ಗಂಟೆ ಕಾದೆವು. ನೀರು ಒಂದಿಂಚೂ ಇಳಿಯಲಿಲ್ಲ. ಅಂದರೆ ಪೌಡರ್ ಎಲ್ಲಾ ಅಲ್ಲೇ ನಿಂತ ನೀರಿನಲ್ಲಿ, ಪೈಪಿನಲ್ಲಿ ಕೂತಿತ್ತು. ಇದನ್ನೇ ನಾವು ಮರೆತದ್ದು.

ನಮ್ಮ ಮನೆಯವರು ಮತ್ತೆ ಅಂಗಡಿಗೆ ಹೋದರು. ಅಂಗಡಿಯವನು "ಇದು ಪೌಡರಿಗೆ ಜಗ್ಗಲ್ರಿ, ಆಸಿಡ್ ಹಾಕ್ರಿ, ಐದು ನಿಮಿಷಕ್ಕೆ ಖುಲ್ಲಾ ಆಗ್ತದ" ಅಂದನಂತೆ. ಹಳೆಯ ನೀರಿನ ಬಾಟಲಿಯಲ್ಲಿ ಆಸಿಡ್ ಕೊಟ್ಟ. ಲೇಬಲ್ ಇಲ್ಲ, ಏನೂ ಇಲ್ಲ. ಆಸಿಡ್ ಹೀಗೆ ಕೇಳಿದವರಿಗೆಲ್ಲ ಮಾರುವಂತಿಲ್ಲ, ಗುರುತಿನ ಚೀಟಿ ನೋಡಿ ಹೆಸರು ಬರೆದುಕೊಂಡೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಕುಡಿಯುವ ನೀರಿನ ಬಾಟಲಿಯಲ್ಲಿ ಆಸಿಡ್! ಮಕ್ಕಳಿರುವ ಮನೆಯಲ್ಲಿ ಇದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅವರು ಬಾಟಲಿ ಬಗ್ಗಿಸಿ ಸ್ವಲ್ಪ ಸುರಿದರು. ಮೊದಲು ಒಗ್ಗರಣೆಗೆ ಹಸಿ ಕರಿಬೇವು ಬಿದ್ದ ಹಾಗೆ ಚರ್ರ್ ಅಂತ ಸದ್ದು. ಬಿಳಿ ಹೊಗೆ. ಮರುಕ್ಷಣವೇ ಆಸಿಡ್, ಕಾಸ್ಟಿಕ್ ಎರಡೂ ಸೇರಿ ಕಾದು, ನೀರು ಕುದ್ದು ಮೇಲಕ್ಕೆ ಚಿಮ್ಮಿತು. ಸ್ಟೀಲ್ ಜಾಲಿ ಹಾರಿ ಕಟ್ಟೆಯ ಮೇಲೆ ಬಿತ್ತು. ಅವರ ಕೈ, ಕೆನ್ನೆ, ಕನ್ನಡಕದ ಮೇಲೆಲ್ಲಾ ಹನಿಗಳು. ನಾನು ಟವೆಲ್ ತಂದು ಒರೆಸಲು ಹೋದೆ. ಅತ್ತೆ ನನ್ನ ಕೈ ತಳ್ಳಿ, "ಒರೆಸಬ್ಯಾಡ, ನೀರು ಬಿಡು" ಅಂತ ಮಗನನ್ನು ಬಚ್ಚಲಿಗೆ ಎಳೆದುಕೊಂಡು ಹೋದರು. ನಲ್ಲಿ ಕೆಳಗೆ ಇಪ್ಪತ್ತು ನಿಮಿಷ ಕೂರಿಸಿದರು. ಅಂಗಿಯನ್ನು ತಲೆಯ ಮೇಲಿಂದ ಎಳೆಯದೆ ಕತ್ತರಿಸಿ ತೆಗೆದೆವು. ಹಾಗೆ ತೊಳೆದದ್ದರಿಂದಲೇ ಗಾಯ ಇಷ್ಟಕ್ಕೇ ನಿಂತಿತು ಅಂತ ಡಾಕ್ಟರ್ ಹೇಳಿದರು. ಕಣ್ಣಿಗೆ ಬಿದ್ದರೂ ಇದೇ ಕೆಲಸ: ರೆಪ್ಪೆ ಬಿಡಿಸಿ ಹಿಡಿದು, ಹರಿಯುವ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆದು, ತಡ ಮಾಡದೆ ಆಸ್ಪತ್ರೆಗೆ ಓಡಬೇಕು. ಆಸಿಡ್‌ಗಿಂತ ಕಾಸ್ಟಿಕ್ ಕಣ್ಣಿನೊಳಗೆ ಹೆಚ್ಚು ಆಳಕ್ಕೆ ಇಳಿಯುತ್ತದೆ. ಬರೀ ಪೌಡರ್ ಅಂತ ಸುಮ್ನೆ ಕೂರಬೇಡಿ.

ರಾತ್ರಿ ಸಿಂಕಿನ ಕೆಳಗೆ ನೋಡಿದರೆ ಬಾಟಲ್ ಟ್ರ್ಯಾಪ್, ಅಂದರೆ ಪೈಪಿಗೆ ಸೇರಿದ ಬಾಟಲಿಯಂಥ ಪ್ಲಾಸ್ಟಿಕ್ ಭಾಗ, ಉಬ್ಬಿ ಸೊಟ್ಟಗಾಗಿತ್ತು. ಹನಿ ಹನಿಯಾಗಿ ಸೋರುತ್ತಿತ್ತು. ಗೊತ್ತಿಲ್ಲದೆ ಒಂದು ಹನಿ ಮುಟ್ಟಿದೆ. ಬೆರಳು ಸೋಪು ಮುಟ್ಟಿದ ಹಾಗೆ ಜಾರಿತು. ಕಾಸ್ಟಿಕ್ ನಮ್ಮ ಚರ್ಮದ ಎಣ್ಣೆಯನ್ನೇ ಸೋಪು ಮಾಡುತ್ತಿರುವಾಗ ಹಾಗೆ ಜಾರುತ್ತದೆ. ಕೂಡಲೇ ತೊಳೆದುಕೊಂಡೆ.

ಮರುದಿನ ಪ್ಲಂಬರ್ ಬಂದಾಗ ಬಾಗಿಲಲ್ಲೇ ಹೇಳಿದೆವು, ಒಳಗೆ ಪೌಡರ್, ಆಸಿಡ್ ಎರಡೂ ಇದೆ ಅಂತ. ಇದನ್ನು ಯಾರೂ ಮುಚ್ಚಿಡಬೇಡಿ. ನಾವು ಹೇಳದಿದ್ದರೆ ಅದು ಅವರ ಮುಖಕ್ಕೆ ಬೀಳುತ್ತದೆ. ಅವರು ರಬ್ಬರ್ ಕೈಗವಸು, ಕನ್ನಡಕ ಹಾಕಿಕೊಂಡು, ಕೆಳಗೆ ಪ್ಲಾಸ್ಟಿಕ್ ಬಕೆಟ್ ಇಟ್ಟು ಟ್ರ್ಯಾಪ್ ಬಿಚ್ಚಿದರು. ಒಳಗೆ ಹೆಬ್ಬೆರಳು ದಪ್ಪದ ಬೂದು ಬಣ್ಣದ ಗಡ್ಡೆ. ಬೆಂದ ಜೋಳದ ಹಿಟ್ಟು, ಅದರ ತುಂಬಾ ಪಾತ್ರೆ ತಿಕ್ಕುವ ತೆಂಗಿನ ನಾರಿನ ಎಳೆಗಳು. ಹತ್ತು ನಿಮಿಷದ ಕೆಲಸ. "ಮೊದಲೇ ಇದನ್ನ ತಿರುವಿ ತೆಗೆದಿದ್ರ ಮುಗೀತಿತ್ತಲ್ರಿ ಅಕ್ಕಾರ" ಅಂದರು. ಬಾಟಲ್ ಟ್ರ್ಯಾಪ್ ಇರುವುದೇ ಕೈಯಿಂದ ತಿರುವಿ ಬಿಚ್ಚಲು ಅಂತ ನನಗೆ ಅಂದೇ ಗೊತ್ತಾದದ್ದು.

ಹಾಗಾಗಿ ಏನು ಕಟ್ಟಿದೆ, ಎಲ್ಲಿ ಕಟ್ಟಿದೆ ಅಂತ ಮೊದಲು ನೋಡಿ. ಸಿಂಕ್ ಒಂದೇ ನಿಂತಿದ್ದರೆ ಟ್ರ್ಯಾಪ್ ಬಿಚ್ಚಿ. ಅದು ಖಾಲಿ ಇದ್ದರೆ ರಬ್ಬರ್ ಪಂಪ್ ಒತ್ತಿ, ಆದರೆ ಸಿಂಕಿನ ಮೇಲ್ಭಾಗದ ತೂತಿಗೆ ಒದ್ದೆ ಬಟ್ಟೆ ತುರುಕಿ, ಇಲ್ಲದಿದ್ದರೆ ಗಾಳಿ ಅಲ್ಲಿಂದಲೇ ಹೋಗುತ್ತದೆ. ಪೌಡರ್ ಹಾಕಿದ ಮೇಲೆ ಮಾತ್ರ ಪಂಪ್ ಮುಟ್ಟಬೇಡಿ, ಮುಖಕ್ಕೆ ಸಿಡಿಯುತ್ತದೆ. ಬಚ್ಚಲು ಕಟ್ಟಿದ್ದರೆ ಬಹುಪಾಲು ಕೂದಲೇ. ಜಾಲಿ ಎತ್ತಿ ಕೊಕ್ಕೆ ತಂತಿಯಿಂದ ಎಳೆಯಿರಿ. ನಮ್ಮ ಕಡೆಯ ಗಡಸು ಬೋರ್ ನೀರಿನಲ್ಲಿ ಸೋಪು ಕರಗದೆ ಬಿಳಿ ಕೆನೆಯಾಗಿ ಆ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಅಡುಗೆ ಸೋಡಾ, ವಿನೆಗರ್ ಅಂತ ರೀಲ್ಸ್‌ನಲ್ಲಿ ತೋರಿಸುತ್ತಾರೆ. ಅವೆರಡೂ ಸೇರಿ ನೊರೆ ಬರುತ್ತದೆ ಅಷ್ಟೇ, ಇಂಥ ಗಡ್ಡೆ ಅಲುಗುವುದಿಲ್ಲ.

ಇನ್ನೊಂದು ಮಾತು. ಬಟ್ಟೆಗೆ, ಟಾಯ್ಲೆಟ್‌ಗೆ ಹಾಕುವ ಬ್ಲೀಚ್ ಜೊತೆ ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಕಿಟಕಿ ಇಲ್ಲದ ಚಿಕ್ಕ ಬಚ್ಚಲಲ್ಲಿ ಉಸಿರು ಕಟ್ಟುತ್ತದೆ.

ಸಿಂಕ್, ಬಚ್ಚಲು, ಟಾಯ್ಲೆಟ್ ಎಲ್ಲಾ ಒಟ್ಟಿಗೆ ನಿಂತರೆ ತೊಂದರೆ ಹೊರಗಿನ ಚೇಂಬರ್ ಅಥವಾ ಗುಂಡಿಯಲ್ಲಿದೆ. ಆಗ ಮಷಿನ್ ಗಾಡಿಯನ್ನೇ ಕರೆಸಿ. ದುಡ್ಡು ಕೊಟ್ಟು ಯಾರನ್ನೂ ಗುಂಡಿಗೆ ಇಳಿಸಬೇಡಿ. ಅಲ್ಲಿನ ವಿಷಗಾಳಿ ಇಳಿದವರನ್ನು ಕ್ಷಣದಲ್ಲಿ ಕೊಲ್ಲಬಹುದು. ಹಾಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧವೂ ಹೌದು.

ಅತ್ತೆಯ ಊರಿನ ಮನೆಯಲ್ಲಿ ಹಿಟ್ಟಿನ ನೀರು ಯಾವತ್ತೂ ಮೋರಿಗೆ ಹೋದದ್ದಿಲ್ಲ, ಮುಸುರೆ ಬಾನಿಗೆ ಹೋಗುತ್ತಿತ್ತು. ಈಗ ನಮ್ಮ ಸಿಂಕಿನ ಪಕ್ಕದಲ್ಲೂ ಒಂದು ಬಕೆಟ್ ಇದೆ. ಪರಾತ ತೊಳೆದ ನೀರು ಅದಕ್ಕೇ. ಸಂಜೆ ಹಿಂದಿನ ಓಣಿಯ ಎಮ್ಮೆ ಮನೆಯವರು ಬಂದು ಒಯ್ಯುತ್ತಾರೆ.