ಹೊಟ್ಟೆಯ ರಕ್ತನಾಳಕ್ಕೆ ಗ್ಲೂ ಇಂಜೆಕ್ಷನ್: ತುಮಕೂರಿನಲ್ಲಿ ಮಾಡಿಸುವವರಿಗೆ ಒಂದು ವಿಮರ್ಶೆ

ಸಿರೋಸಿಸ್ (ಯಕೃತ್ತು ಗಟ್ಟಿಯಾಗುವ ಕಾಯಿಲೆ) ಇದ್ದವರಿಗೆ ರಕ್ತ ವಾಂತಿಯಾಗಿ, ಎಂಡೋಸ್ಕೋಪಿಯಲ್ಲಿ ಜಠರದ ಮೇಲ್ಭಾಗದ ಉಬ್ಬಿದ ನಾಳ ಕಂಡರೆ ಬ್ಯಾಂಡ್, ಅಂದರೆ ನಾಳವನ್ನು ಬಿಗಿಯುವ ರಬ್ಬರ್ ಉಂಗುರ, ಸಾಲದು. ಅನ್ನನಾಳಕ್ಕೆ ಒಗ್ಗುವ ಬ್ಯಾಂಡ್ ಇಲ್ಲಿನ ದಪ್ಪ ನಾಳವನ್ನು ಪೂರ್ತಿ ಹಿಡಿಯುವುದಿಲ್ಲ. ಕೆಲಸಕ್ಕೆ ಬರುವುದು 1986ರಲ್ಲಿ ವೈದ್ಯ ಸೋಹೆಂದ್ರ ಮತ್ತು ಸಂಗಡಿಗರು ವರದಿ ಮಾಡಿದ ಸಯನೋಅಕ್ರಿಲೇಟ್ ಗ್ಲೂ. ರಕ್ತ ತಾಗಿದ ಕೆಲವೇ ಸೆಕೆಂಡಿನಲ್ಲಿ ಗಟ್ಟಿಯಾಗುತ್ತದೆ. ರಕ್ತ ನಿಲ್ಲಿಸುವ ಕೆಲಸದಲ್ಲಿ ಇದಕ್ಕೆ ಪೂರ್ಣ ಅಂಕ ಕೊಡಬೇಕು.

ಕಷ್ಟವೆಲ್ಲ ಹದದಲ್ಲಿದೆ. ಬರೀ ಗ್ಲೂ ಸೂಜಿಯಲ್ಲೇ ಕಟ್ಟಿಕೊಳ್ಳಬಹುದು. ಅದಕ್ಕೇ ಲಿಪಿಯೊಡಾಲ್ ಎಣ್ಣೆ ಬೆರೆಸುತ್ತಾರೆ, 0.5 ಮಿ.ಲೀ. ಗ್ಲೂಗೆ 0.8 ಮಿ.ಲೀ. ಎಣ್ಣೆ ರೂಢಿಯ ಅಳತೆ. ಎಣ್ಣೆ ಹೆಚ್ಚಾದರೆ ಗಟ್ಟಿಯಾಗುವುದು ತಡ, ಅಷ್ಟರಲ್ಲಿ ಗ್ಲೂ ರಕ್ತದ ಜೊತೆ ಹರಿದುಬಿಡುತ್ತದೆ. ಹಲವರಲ್ಲಿ ಈ ನಾಳದಿಂದ ಎಡ ಮೂತ್ರಪಿಂಡದ ಸಿರೆಗೆ ಅಡ್ಡದಾರಿ ಇರುತ್ತದೆ, ಇದನ್ನೇ ಗ್ಯಾಸ್ಟ್ರೋರೀನಲ್ ಶಂಟ್ ಎನ್ನುವುದು. ಹರಿದ ಗ್ಲೂ ಅಲ್ಲಿಂದ ಹೃದಯದ ಬಲಭಾಗಕ್ಕೆ, ಆಮೇಲೆ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಶಂಟ್ ದೊಡ್ಡದಾದಷ್ಟೂ, ಒಂದೇ ಸಲಕ್ಕೆ ಹಾಕಿದ ಪ್ರಮಾಣ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಒಂದು ಚುಚ್ಚಿಗೆ ಸುಮಾರು 1 ಮಿ.ಲೀ. ಗ್ಲೂ ಮೀರದ, ನಳಿಕೆಯಲ್ಲಿ ಉಳಿದದ್ದನ್ನು ಡಿಸ್ಟಿಲ್ಡ್ ವಾಟರ್‌ನಿಂದ ತಳ್ಳಿ ಸೂಜಿಯನ್ನು ತಕ್ಷಣ ಹಿಂದೆಳೆಯುವ ಕೈ ನುರಿತ ಕೈ.

ರಕ್ತ ಸುರಿಯುವಾಗ ಸಿಟಿ ಮಾಡಿಸಲು ಪುರುಸೊತ್ತಿರುವುದಿಲ್ಲ, ಅದು ತಪ್ಪಲ್ಲ. ಆದರೆ ರಕ್ತ ನಿಂತಿರುವಾಗ, ಸಿಟಿಯಲ್ಲಿ ಶಂಟ್ ನೋಡದೆ ಎರಡನೇ ಸಲ ಗ್ಲೂ ಹಾಕುವ ಕಡೆ ಒಪ್ಪಬೇಡಿ. ಶಂಟ್ ದೊಡ್ಡದಿದ್ದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನೋಡಿಕೊಂಡು ಕಾಯಿಲ್ (ನಾಳ ಮುಚ್ಚುವ ಸಣ್ಣ ಲೋಹದ ಸುರುಳಿ) ಕೂರಿಸುವುದು ಅಥವಾ ರೇಡಿಯಾಲಜಿಯವರು ಶಂಟನ್ನೇ ಮುಚ್ಚುವ, ಬಿಆರ್‌ಟಿಒ ಎಂಬ ಚಿಕಿತ್ಸೆ ಸೂಕ್ತ. ಆ ಸೌಲಭ್ಯವಿಲ್ಲ ಎಂದು ನೇರವಾಗಿ ಹೇಳಿ, ಎಪ್ಪತ್ತು ಕಿ.ಮೀ. ದೂರದ ಬೆಂಗಳೂರಿಗೆ ಬರೆದುಕೊಡುವ ವೈದ್ಯರನ್ನು ನಂಬಿ.

ಸಂಜೆಗೇ ಮನೆಗೆ ಕಳಿಸುವುದು ಈ ಸೇವೆಯ ದೊಡ್ಡ ಲೋಪ. ಗ್ಲೂ ಶ್ವಾಸಕೋಶಕ್ಕೆ ಹೋದಾಗಿನ ಲಕ್ಷಣಗಳಾದ ಕೆಮ್ಮು, ಎದೆನೋವು, ಏದುಸಿರು, ಓಡುವ ನಾಡಿ, ಇಳಿಯುವ ಆಕ್ಸಿಜನ್, ಇವು ಚಿಕಿತ್ಸೆಯ ಹೊತ್ತಲ್ಲೂ ಕಾಣಬಹುದು, ಕೆಲವು ಗಂಟೆ ಕಳೆದ ಮೇಲೂ ಕಾಣಬಹುದು. ಜ್ವರವೂ ಇದ್ದರೆ ನ್ಯುಮೋನಿಯಾ ಎಂದೇ ತಿಳಿದುಬಿಡುತ್ತಾರೆ. ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿರುವುದು ರಕ್ತದ ಹೆಪ್ಪಲ್ಲ, ಗಟ್ಟಿಯಾದ ಗ್ಲೂ. ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಔಷಧಿಗೆ ಕರಗುವುದಿಲ್ಲ, ಮೇಲಾಗಿ ಅದನ್ನು ಕೊಟ್ಟರೆ ಹೊಟ್ಟೆಯ ರಕ್ತಸ್ರಾವ ಮರುಕಳಿಸುವ ಭಯ. ಆಕ್ಸಿಜನ್ ಕೊಟ್ಟು, ಉಸಿರಾಟ ಮತ್ತು ರಕ್ತದೊತ್ತಡ ಕಾಯುವುದೇ ಮುಖ್ಯ ಆರೈಕೆ, ಅದಕ್ಕೆ ಐಸಿಯು ಹತ್ತಿರವಿರಬೇಕು.

ಎಷ್ಟು ಮಿ.ಲೀ. ಗ್ಲೂ, ಎಷ್ಟು ಲಿಪಿಯೊಡಾಲ್ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಲಿಪಿಯೊಡಾಲ್ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಮುಂದೆ ಎದೆಯ ಚಿತ್ರ ನೋಡುವ ವೈದ್ಯರಿಗೆ ಆ ಬಿಳಿ ಚುಕ್ಕೆಗಳು ಏನೆಂದು ಗೊತ್ತಾಗುವುದು ಆ ಚೀಟಿಯಿಂದಲೇ.