8 ಜಿಬಿ ಹಾಕಿದರೂ 3.2 ಜಿಬಿ: ಹಳೆಯ ಯಂತ್ರಕ್ಕೆ ಯಾವ ಓಎಸ್ ಸರಿ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಡಿಟಿಪಿ ಅಂಗಡಿ, ಸೊಸೈಟಿ, ಅಡಿಕೆ ಮಂಡಿಗಳಲ್ಲಿ ಎಚ್61 ಚಿಪ್‌ಸೆಟ್‌ನ ಮದರ್‌ಬೋರ್ಡ್, ಎರಡನೇ ಇಲ್ಲವೇ ಮೂರನೇ ತಲೆಮಾರಿನ ಐ3 ಪ್ರೊಸೆಸರ್ ಇರುವ ಯಂತ್ರಗಳು ಇನ್ನೂ ದುಡಿಯುತ್ತಿವೆ. ನಿಧಾನವಾಯಿತೆಂದು ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸುತ್ತಾರೆ. ಆಮೇಲೆ ಸಿಸ್ಟಮ್ ಪ್ರಾಪರ್ಟೀಸ್ ತೆರೆದರೆ 'ಇನ್‌ಸ್ಟಾಲ್ಡ್ ಮೆಮೊರಿ 8.00 ಜಿಬಿ' ಅಂತ ಬರುತ್ತದೆ, ಪಕ್ಕದಲ್ಲೇ ಬಳಸಬಹುದಾದದ್ದು 3.2 ಜಿಬಿ ಆಸುಪಾಸು ಅಂತಲೂ ಇರುತ್ತದೆ. ಹೊಸ ರ‍್ಯಾಮ್‌ಗೆ ಕೊಟ್ಟ ದುಡ್ಡು ಹಾಗೇ ಕೂತಿದೆ.

ಇಂಥದ್ದೇ ಒಂದು ಯಂತ್ರದ ಮೇಲೆ ಓಎಸ್‌ನ (ಆಪರೇಟಿಂಗ್ ಸಿಸ್ಟಮ್, ಅಂದರೆ ಯಂತ್ರ ನಡೆಸುವ ಮೂಲ ತಂತ್ರಾಂಶ) ನಾಲ್ಕು ದಾರಿಗಳನ್ನು ಹೋಲಿಸಿದ್ದೇವೆ. ಎಚ್61 ಬೋರ್ಡ್, ಡಿಡಿಆರ್3 4 ಜಿಬಿಯ ಎರಡು ಸ್ಟಿಕ್, ಬೋರ್ಡಿನದೇ ಗ್ರಾಫಿಕ್ಸ್, ಜೊತೆಗೆ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್, ನುಡಿ, ಟ್ಯಾಲಿ, ಕೋರೆಲ್‌ಡ್ರಾ. ನಮ್ಮ ಊರುಗಳ ಅಂಗಡಿಗಳಲ್ಲಿ ಇರುವ ಸರಂಜಾಮು ಹೆಚ್ಚುಕಮ್ಮಿ ಇದೇ.

ಮೆಮೊರಿ ಎಲ್ಲಿಗೆ ಹೋಯಿತು?

ಹೀಗಾಗುವ ಯಂತ್ರದಲ್ಲಿ ಸಾಮಾನ್ಯವಾಗಿ ಇರುವುದು 32-ಬಿಟ್ ವಿಂಡೋಸ್. ಮೆಮೊರಿಯನ್ನು ಮುಟ್ಟಲು ಅದರ ಪ್ರತಿ ಬೈಟಿಗೂ ಒಂದು ವಿಳಾಸ ಬೇಕು. 32 ಬಿಟ್‌ಗಳಲ್ಲಿ ಬರೆಯಬಹುದಾದ ವಿಳಾಸಗಳು ಒಟ್ಟು 4,29,49,67,296. ವಿಳಾಸಕ್ಕೊಂದು ಬೈಟ್, ಅಂದರೆ 4 ಜಿಬಿ. ಈ ವಿಳಾಸಗಳೆಲ್ಲ ರ‍್ಯಾಮ್‌ಗೇ ಸಿಗುವುದಿಲ್ಲ. ಗ್ರಾಫಿಕ್ಸ್, ನೆಟ್‌ವರ್ಕ್, ಯುಎಸ್‌ಬಿ ಕಂಟ್ರೋಲರ್, ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ಬೋರ್ಡಿನದೇ ತಂತ್ರಾಂಶ) ಚಿಪ್ ಎಲ್ಲಕ್ಕೂ 4 ಜಿಬಿಯ ಮೇಲ್ತುದಿಯಲ್ಲೇ ವಿಳಾಸ ಬೇಕು. ಅವು ತಗೊಂಡು ಉಳಿದದ್ದು 3ರಿಂದ 3.5 ಜಿಬಿ. 1 ಜಿಬಿಯ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಪೂರ್ತಿ 1 ಜಿಬಿ ವಿಳಾಸ ಹೋಗುತ್ತದೆ ಅನ್ನುವ ಮಾತು ಸರಿಯಲ್ಲ. ಅಂಥ ಕಾರ್ಡ್ ಸಾಮಾನ್ಯವಾಗಿ ಹಿಡಿಯುವುದು 256 ಎಂಬಿಯಷ್ಟು.

ಪ್ರೊಸೆಸರ್‌ನ ಕೈಯಲ್ಲಿ ಆಗುವುದಿಲ್ಲ ಅಂತಲ್ಲ. 1995ರ ಪೆಂಟಿಯಂ ಪ್ರೋದಲ್ಲೇ ಪಿಎಇ ಎಂಬ ವ್ಯವಸ್ಥೆ ಬಂದು ವಿಳಾಸ 36 ಬಿಟ್ ಆಯಿತು, 64 ಜಿಬಿವರೆಗೆ ದಾರಿ ತೆರೆಯಿತು. 32-ಬಿಟ್ ವಿಂಡೋಸ್ ಈ ಪಿಎಇಯನ್ನು ಒಳಗೊಳಗೇ ಬಳಸುತ್ತದೆ ಕೂಡ. ಆದರೆ 4 ಜಿಬಿ ಆಚೆಯ ವಿಳಾಸ ಬಂದರೆ ಎಷ್ಟೋ ಡ್ರೈವರ್‌ಗಳು (ಸಾಧನಗಳನ್ನು ನಡೆಸುವ ತಂತ್ರಾಂಶಗಳು) ಮುಗ್ಗರಿಸುತ್ತಿದ್ದವು. ಹಾಗಾಗಿ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದ ಮೈಕ್ರೋಸಾಫ್ಟ್ ಮನೆ-ಕಚೇರಿಯ ಆವೃತ್ತಿಗಳಿಗೆ 4 ಜಿಬಿಯಲ್ಲೇ ಬೇಲಿ ಹಾಕಿತು. ಹಾರ್ಡ್‌ವೇರ್ ಸರಿಯಿದ್ದೂ ಮೆಮೊರಿ ಸಿಗದಿರುವುದಕ್ಕೆ ಈ ಬೇಲಿಯೇ ಕಾರಣ.

ಒಂದನೇ ದಾರಿ: 32-ಬಿಟ್ ವಿಂಡೋಸ್ ಹಾಗೇ ಇಟ್ಟುಕೊಳ್ಳುವುದು

ಸಿಗುವುದು 3.2 ಜಿಬಿ, ಅಷ್ಟೇ. ಅದರಲ್ಲೂ ಒಂದೊಂದು ಪ್ರೋಗ್ರಾಂಗೆ ಸಿಗುವುದು 2 ಜಿಬಿ. ದೊಡ್ಡ ಫ್ಲೆಕ್ಸ್ ಫೈಲು ತೆರೆದಾಗ ಕೋರೆಲ್‌ಡ್ರಾ 'ಔಟ್ ಆಫ್ ಮೆಮೊರಿ' ಅನ್ನುವುದು ಇಲ್ಲೇ. ಲಾಭವೂ ಒಂದಿದೆ: 16-ಬಿಟ್ ಕಾಲದ ಡಾಸ್ ಲೆಕ್ಕದ ಪ್ರೋಗ್ರಾಂ, 64-ಬಿಟ್ ಡ್ರೈವರ್ ಬರದೇ ಹೋದ ಹಳೆಯ ಸ್ಕ್ಯಾನರ್ ಇವೆಲ್ಲ ತಕರಾರಿಲ್ಲದೆ ನಡೆಯುತ್ತವೆ.

ಈ ಬೇಲಿ ಮುರಿಯಲು ಕರ್ನಲ್ಲನ್ನೇ (ಓಎಸ್‌ನ ತಿರುಳು) ತಿದ್ದುವ ಪ್ಯಾಚ್‌ಗಳು ಸಿಗುತ್ತವೆ. ಹಾಕಿದರೆ 8 ಜಿಬಿ ಕಾಣುತ್ತದೆ, ನಿಜ. ಆದರೆ ಮೈಕ್ರೋಸಾಫ್ಟ್ ಯಾವ ಕಾರಣಕ್ಕೆ ಬೇಲಿ ಹಾಕಿತೋ ಆ ಡ್ರೈವರ್ ತೊಂದರೆ ಆಗ ನಿಮ್ಮ ಮೇಜಿಗೇ ಬರುತ್ತದೆ. ಬೋರ್ಡಿನ ಗ್ರಾಫಿಕ್ಸ್‌ನಲ್ಲಿ ಪರದೆ ಕಲಕುತ್ತದೆ, ಅಪ್‌ಡೇಟ್ ಬಂದಾಗ ಪ್ಯಾಚ್ ಹಾರಿಹೋಗುತ್ತದೆ, ಸಹಿ ಇಲ್ಲದ ಕರ್ನಲ್ ಮೇಲೆ ಲೆಕ್ಕಪತ್ರದ ಯಂತ್ರ ಓಡಿಸಬೇಕಾಗುತ್ತದೆ. ಬೇರೆಯವರ ಹಣದ ಲೆಕ್ಕ ಇಡುವ ಯಂತ್ರಕ್ಕೆ ಇದನ್ನು ಖಂಡಿತ ಹಾಕಬೇಡಿ.

ಎರಡನೇ ದಾರಿ: ಪಿಎಇ ಕರ್ನಲ್ ಇರುವ 32-ಬಿಟ್ ಲಿನಕ್ಸ್

ಡೆಬಿಯನ್ 12ರ 32-ಬಿಟ್ ಆವೃತ್ತಿ ಹಾಕಿ '686-ಪಿಎಇ' ಕರ್ನಲ್ ಆರಿಸಿದರೆ 8 ಜಿಬಿಯಲ್ಲಿ ಬಹುಪಾಲು ಸಿಗುತ್ತದೆ. ಒಂದೊಂದು ಪ್ರೋಗ್ರಾಂಗೆ 3 ಜಿಬಿ ಮಿತಿ. ನೋಡುವುದಕ್ಕೆ ಸರಿಯಾದ ಉತ್ತರದಂತಿದೆ, ತೊಡಕಿರುವುದು ಒಳಗೆ. 32-ಬಿಟ್ ಕರ್ನಲ್ ನೇರವಾಗಿ ಮುಟ್ಟಬಲ್ಲದ್ದು ಮೊದಲ 896 ಎಂಬಿಯನ್ನು ಮಾತ್ರ, ಅದರ ಸ್ವಂತ ಲೆಕ್ಕಪುಸ್ತಕಗಳೆಲ್ಲ ಅಲ್ಲೇ ಇರಬೇಕು. ರ‍್ಯಾಮ್ ಹೆಚ್ಚಿದಷ್ಟೂ ಆ ಪುಸ್ತಕ ದಪ್ಪವಾಗುತ್ತದೆ, ಜಾಗ ಮಾತ್ರ ಅಷ್ಟೇ. 8 ಜಿಬಿಯಲ್ಲಿ ನಡೆದೀತು. 16 ಜಿಬಿಗೆ ಹೋದರೆ ಡಿಸ್ಕ್ ಬರವಣಿಗೆ ತೆವಳಬಹುದು, ಮೆಮೊರಿ ಖಾಲಿ ಇದ್ದಾಗಲೂ ಪ್ರೋಗ್ರಾಂ ಸಾಯಬಹುದು.

ಅದಕ್ಕಿಂತ ದೊಡ್ಡ ಮಾತು, ಈ ದಾರಿ ಮುಚ್ಚುತ್ತಾ ಬಂದಿದೆ. ಗೂಗಲ್ ಕ್ರೋಮ್ 32-ಬಿಟ್ ಲಿನಕ್ಸನ್ನು 2016ರಲ್ಲೇ ಬಿಟ್ಟಿತು. ಡೆಬಿಯನ್ 13ಕ್ಕೆ 32-ಬಿಟ್ ಇನ್‌ಸ್ಟಾಲರ್ ಇಲ್ಲ. ಪ್ರೊಸೆಸರ್ ನಿಜಕ್ಕೂ 32-ಬಿಟ್ ಆಗಿದ್ದರೆ ಮಾತ್ರ ಇದು ದಾರಿ. ಐ3ಗಳೆಲ್ಲ 64-ಬಿಟ್, ಅವಕ್ಕೆ ಇದರ ಅಗತ್ಯವೇ ಇಲ್ಲ.

ಮೂರನೇ ದಾರಿ: 64-ಬಿಟ್ ವಿಂಡೋಸ್

ಸಿಸ್ಟಮ್ ಪ್ರಾಪರ್ಟೀಸ್‌ನ 'ಸಿಸ್ಟಮ್ ಟೈಪ್' ಸಾಲು ಓದಿ. '32-ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64-ಬೇಸ್ಡ್ ಪ್ರೊಸೆಸರ್' ಅಂತ ಇದ್ದರೆ ಯಂತ್ರ ಸಿದ್ಧವಿದೆ, ಅಡ್ಡ ನಿಂತಿರುವುದು ಓಎಸ್ ಒಂದೇ. ಬದಲಾಯಿಸಿದ ಮೇಲೆ 8 ಜಿಬಿಯಲ್ಲಿ 7.88 ಜಿಬಿಯಷ್ಟು ಸಿಗುತ್ತದೆ. ಉಳಿದದ್ದನ್ನು ಬೋರ್ಡಿನ ಗ್ರಾಫಿಕ್ಸ್ ಮತ್ತು ಬಯೋಸ್ ಇಟ್ಟುಕೊಳ್ಳುತ್ತವೆ. ಆ ಕೊರತೆಯ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

32ರಿಂದ 64ಕ್ಕೆ ನೇರ ಅಪ್‌ಗ್ರೇಡ್ ಇಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, 'ಕಸ್ಟಮ್' ಆರಿಸಿ, ಸಿ ಡ್ರೈವ್ ಫಾರ್ಮ್ಯಾಟ್ ಮಾಡಿಯೇ ಹಾಕಬೇಕು. ಅದೇ ಎಡಿಷನ್ ಆದರೆ ಹಳೆಯ ಲೈಸೆನ್ಸ್ 64-ಬಿಟ್‌ಗೂ ನಡೆಯುತ್ತದೆ. ಮೊದಲು ಟ್ಯಾಲಿಯ ಡೇಟಾ ಫೋಲ್ಡರ್, ನುಡಿ ಫಾಂಟ್‌ಗಳು, ಡೆಸ್ಕ್‌ಟಾಪ್ ಮೇಲೆ ಹರಡಿರುವ ಫೈಲುಗಳು ಎಲ್ಲವನ್ನೂ ಬೇರೆ ಡಿಸ್ಕಿಗೆ ತೆಗೆದಿಡಿ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೈಹಾಕಬೇಡಿ. ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು.

ಎಲ್‌ಬಿಪಿ 2900ಕ್ಕೆ ಕ್ಯಾನನ್‌ನ 64-ಬಿಟ್ ಡ್ರೈವರ್ ಇದೆ, 32-ಬಿಟ್‌ನದು ಹಾಕಲು ಹೋದರೆ ಒಪ್ಪುವುದಿಲ್ಲ. ಟ್ಯಾಲಿಪ್ರೈಮ್ ಕೇಳುವುದೇ 64-ಬಿಟ್ ವಿಂಡೋಸನ್ನು. ಫೋಟೋಶಾಪ್ ಸಿಎಸ್4ರಿಂದ, ಕೋರೆಲ್‌ಡ್ರಾ ಎಕ್ಸ್6ರಿಂದ 64-ಬಿಟ್ ಆವೃತ್ತಿ ಇದೆ. ಅದಕ್ಕೂ ಹಿಂದಿನ ಕೋರೆಲ್‌ಡ್ರಾ ಬಳಸುವವರು ಓಎಸ್ ಬದಲಿಸಿದ ಮಾತ್ರಕ್ಕೆ ಅದು 8 ಜಿಬಿ ತಿನ್ನುತ್ತದೆ ಅಂದುಕೊಳ್ಳಬಾರದು. ಆದರೆ ಅದರ ಪಕ್ಕದಲ್ಲೇ ಫೋಟೋಶಾಪು, ಬ್ರೌಸರು ತೆರೆದಿಟ್ಟು ಕೆಲಸ ಮಾಡಬಹುದು, ಫ್ಲೆಕ್ಸ್ ಅಂಗಡಿಯಲ್ಲಿ ಬೇಕಾದದ್ದೂ ಅದೇ. 16-ಬಿಟ್ ಪ್ರೋಗ್ರಾಂ ಮಾತ್ರ ಇಲ್ಲಿ ಓಡುವುದೇ ಇಲ್ಲ. ಡಾಸ್ ಪ್ರೋಗ್ರಾಂ ಆದರೆ ಡಾಸ್‌ಬಾಕ್ಸ್ ಒಳಗೆ ನಡೆಸಬಹುದು. ಪ್ರಿಂಟ್ ತೆಗೆಯುವುದೊಂದು ಸ್ವಲ್ಪ ಕಸರತ್ತು.

ಎಡಿಷನ್ ನೋಡದೆ ರ‍್ಯಾಮ್ ಕೊಳ್ಳಬೇಡಿ. 64-ಬಿಟ್ ಆದರೂ ವಿಂಡೋಸ್ 7 ಹೋಮ್ ಬೇಸಿಕ್ 8 ಜಿಬಿಗೆ, ಹೋಮ್ ಪ್ರೀಮಿಯಂ 16 ಜಿಬಿಗೆ ನಿಲ್ಲುತ್ತದೆ. ವಿಂಡೋಸ್ 10 ಹೋಮ್ 128 ಜಿಬಿವರೆಗೆ ಹೋಗುತ್ತದೆ.

ಈ ದಾರಿಯ ದೊಡ್ಡ ಕೊರತೆ ವಯಸ್ಸಿನದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಐ3ಗಳಿಲ್ಲ.

ನಾಲ್ಕನೇ ದಾರಿ: 64-ಬಿಟ್ ಲಿನಕ್ಸ್

ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಈ ಯಂತ್ರಕ್ಕೆ ಹಗುರ. ಟರ್ಮಿನಲ್‌ನಲ್ಲಿ 'ಫ್ರೀ' ಆಜ್ಞೆ ಕೊಟ್ಟರೆ ಒಟ್ಟು 7.6 ಆಸುಪಾಸು ತೋರಿಸುತ್ತದೆ. ವಿಂಡೋಸ್‌ಗಿಂತ ಕಡಿಮೆ ಬಂತೆಂದು ಗಾಬರಿ ಬೇಡ. ಮೆಮೊರಿಯ ಪ್ರತಿ 4 ಕೆಬಿ ಪುಟಕ್ಕೆ ಕರ್ನಲ್ 64 ಬೈಟಿನ ದಾಖಲೆ ಇಡುತ್ತದೆ. 8 ಜಿಬಿಗೆ ಅದೇ 128 ಎಂಬಿ ಆಯಿತು. ಅದನ್ನೂ ಕರ್ನಲ್‌ನ ಉಳಿದ ಭಾಗವನ್ನೂ ಕಳೆದೇ ಲಿನಕ್ಸ್ ಒಟ್ಟು ಹೇಳುತ್ತದೆ.

ಕನ್ನಡ ಯೂನಿಕೋಡ್ ಟೈಪಿಂಗ್‌ಗೆ ಐಬಸ್ ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶದಲ್ಲಿ ಕೆಜಿಪಿ ಕೀಲಿಮಣೆ ಇದೆ, ನುಡಿ ರೂಢಿಯ ಬೆರಳಿಗೆ ಹೊಂದುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫೈಲು, ಟ್ಯಾಲಿ, ಕೋರೆಲ್‌ಡ್ರಾ ಇವುಗಳ ಮೇಲೆ ಹೊಟ್ಟೆಪಾಡು ನಿಂತಿದ್ದರೆ ಇಲ್ಲಿಗೆ ಬರಬೇಡಿ. ಎಲ್‌ಬಿಪಿ 2900 ಕೂಡ ಇಲ್ಲಿ ಸತಾಯಿಸುತ್ತದೆ; ಅದರ ಕ್ಯಾಪ್ಟ್ ಡ್ರೈವರ್ ಒಮ್ಮೆ ಕೂತರೂ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದಾಗ ಕೈಕೊಡಬಹುದು. ಮಕ್ಕಳ ಓದು, ಇಮೇಲ್, ಪಹಣಿ ನೋಡುವುದು, ಬ್ಯಾಂಕ್ ಕೆಲಸ ಇಷ್ಟೇ ಆದರೆ ನಾಲ್ಕರಲ್ಲಿ ಇದೇ ಮೇಲು. ಅಪ್‌ಡೇಟ್ ಬರುತ್ತಲೇ ಇರುತ್ತದೆ, ದುಡ್ಡಿಲ್ಲ.

ಅಂಗಡಿ-ಕಚೇರಿಗೆ 64-ಬಿಟ್ ವಿಂಡೋಸ್, ಮನೆಗೆ 64-ಬಿಟ್ ಲಿನಕ್ಸ್ ಅನ್ನುವುದು ನಮ್ಮ ಆಯ್ಕೆ. ಯಂತ್ರದಲ್ಲಿ ಇರುವುದೇ 4 ಜಿಬಿ, ಇನ್ನು ಹಾಕುವ ಯೋಚನೆಯೂ ಇಲ್ಲ ಅಂದರೆ ಮಾತು ಬೇರೆ. 64-ಬಿಟ್‌ನಿಂದ ಅಲ್ಲಿ ಅರ್ಧ ಜಿಬಿ ಚಿಲ್ಲರೆ ಸಿಗುತ್ತದೆ, ಅದರಲ್ಲಿ ಒಂದಷ್ಟನ್ನು ಓಎಸ್‌ನ ದೊಡ್ಡ ಪಾಯಿಂಟರ್‌ಗಳೇ ತಿನ್ನುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಹೇಳಿದ ಕನಿಷ್ಠ ರ‍್ಯಾಮ್ 32-ಬಿಟ್‌ಗೆ 1 ಜಿಬಿ, 64-ಬಿಟ್‌ಗೆ 2 ಜಿಬಿ. ಅಂಥ ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕೇ ಇದ್ದರೆ ಆ ದುಡ್ಡನ್ನು 240 ಜಿಬಿ ಎಸ್‌ಎಸ್‌ಡಿಗೆ ಹಾಕಿ, ವ್ಯತ್ಯಾಸ ಮೊದಲ ಬೂಟ್‌ನಲ್ಲೇ ಗೊತ್ತಾಗುತ್ತದೆ.

64-ಬಿಟ್ ಇದ್ದೂ ಅರ್ಧ ಮಾಯವಾಗಿದ್ದರೆ

ಇಲ್ಲೇ ಜನ ಹೆಚ್ಚು ಮೋಸಹೋಗುವುದು. 64-ಬಿಟ್ ವಿಂಡೋಸ್, 8 ಜಿಬಿ, ಬಳಕೆಗೆ 3.9 ಜಿಬಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್, ಮೆಮೊರಿ ಪುಟದಲ್ಲಿ 'ಹಾರ್ಡ್‌ವೇರ್ ರಿಸರ್ವ್ಡ್' ನೋಡಿ. ನೂರಿನ್ನೂರು ಎಂಬಿ ಸಹಜ. ಜಿಬಿಗಟ್ಟಲೆ ಇದ್ದರೆ ಓಎಸ್ ಮತ್ತೆ ಹಾಕಿ ಪ್ರಯೋಜನವಿಲ್ಲ.

ಮೊದಲು ಎಂಎಸ್‌ಕಾನ್ಫಿಗ್ ತೆರೆದು ಬೂಟ್, ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ 'ಮ್ಯಾಕ್ಸಿಮಮ್ ಮೆಮೊರಿ' ಟಿಕ್ ತೆಗೆಯಿರಿ. ವೇಗ ಹೆಚ್ಚುತ್ತದೆಂದು ಯಾರೋ ವೀಡಿಯೋ ನೋಡಿ ಹಾಕಿದ ಟಿಕ್ ಅದು. ಅದು ಮೆಮೊರಿಗೆ ಮಿತಿ ಹಾಕುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಆಮೇಲೆ ಬಯೋಸ್‌ನಲ್ಲಿ ಚಿಪ್‌ಸೆಟ್ ಇಲ್ಲವೇ ನಾರ್ತ್‌ಬ್ರಿಡ್ಜ್ ಪುಟದ 'ಮೆಮೊರಿ ರಿಮ್ಯಾಪ್' ಎನೇಬಲ್ ಇದೆಯೇ ನೋಡಿ. ಸಾಧನಗಳ ವಿಳಾಸದಡಿ ಸಿಕ್ಕಿಬಿದ್ದ ರ‍್ಯಾಮನ್ನು 4 ಜಿಬಿಯ ಆಚೆಗೆ ಎತ್ತಿಡುವುದು ಅದೇ. 32-ಬಿಟ್ ವಿಂಡೋಸ್‌ನಲ್ಲೇ ಇರುವವರು ಇದನ್ನು ಮುಟ್ಟದಿದ್ದರೆ ಒಳ್ಳೆಯದು, ಕೆಲವು ಬೋರ್ಡ್‌ಗಳಲ್ಲಿ ಇದ್ದದ್ದೂ ಕಡಿಮೆಯಾಗುತ್ತದೆ.

ಇವೆರಡೂ ಸರಿಯಿದ್ದರೆ ಸಂಶಯ ಸಂಪರ್ಕದ ಮೇಲೆ. ಸ್ಟಿಕ್‌ನ ಗಾತ್ರ ಹೇಳುವ ಪುಟ್ಟ ಚಿಪ್ಪಿನ ತಂತಿಗಳು ಬೇರೆ, ಡೇಟಾ ಸಾಗುವ ತಂತಿಗಳು ಬೇರೆ. ಹಾಗಾಗಿಯೇ 'ಇನ್‌ಸ್ಟಾಲ್ಡ್ 8 ಜಿಬಿ' ಎಂದು ತೋರಿಸಿ, ಬಳಸಲು ಅರ್ಧವೇ ಸಿಗುವುದು ಸಾಧ್ಯ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ; ನೆಲದ ಮೇಲೆ, ಗೋಡೆಗೆ ಒತ್ತಿ ಇಟ್ಟ, ವಾರಗಟ್ಟಲೆ ಆನ್ ಮಾಡದ ಸಿಪಿಯು ಪೆಟ್ಟಿಗೆಗಳಲ್ಲಿ ಈ ದೋಷ ಎದ್ದು ಕಾಣುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು, ಸ್ಟಿಕ್ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಚಿನ್ನದ ಹಲ್ಲುಗಳು ಮಂಕಾಗಿ, ಕಂದು ಕಲೆ ಇಲ್ಲವೇ ಬಿಳಿ ಪೊರೆ ಕಟ್ಟಿದ್ದರೆ ಬಿಳಿ ಪೆನ್ಸಿಲ್ ರಬ್ಬರ್‌ನಿಂದ ಹಲ್ಲಿನ ಉದ್ದಕ್ಕೆ ಮೆಲ್ಲಗೆ ಉಜ್ಜಿ. ಪುಡಿ ಝಾಡಿಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ತೇವದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಮರಳುಕಾಗದ ಬೇಡ, ಚಿನ್ನದ ಲೇಪ ತೀರಾ ತೆಳು. ಸ್ಲಾಟನ್ನು ಮೆದುವಾದ ಬ್ರಶ್‌ನಿಂದ ಗುಡಿಸಿ. ಕೊಂಡಿಗಳು 'ಟಕ್' ಅನ್ನುವವರೆಗೂ ಒತ್ತಿ.

ಆಮೇಲೂ ಸರಿಹೋಗದಿದ್ದರೆ ಒಂದೊಂದೇ ಸ್ಟಿಕ್ ಹಾಕಿ ನೋಡಿ. ಎರಡೂ ಸ್ಟಿಕ್ ಒಂದು ಸ್ಲಾಟಿನಲ್ಲಿ ಕೆಲಸ ಮಾಡಿ, ಇನ್ನೊಂದು ಸ್ಲಾಟಿನಲ್ಲಿ ಯಾವುದೂ ಮಾಡದಿದ್ದರೆ ರ‍್ಯಾಮ್ ನಿರ್ದೋಷಿ. ಈ ಪೀಳಿಗೆಯಲ್ಲಿ ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗೇ ಇದೆ. ಸಾಕೆಟ್‌ನ ಒಂದು ಪಿನ್ ಬಾಗಿದ್ದರೂ, ಕೂಲರ್‌ನ ಒಂದು ಮೂಲೆ ಹೆಚ್ಚು ಬಿಗಿದಿದ್ದರೂ ಒಂದು ಇಡೀ ಚಾನೆಲ್ (ಪ್ರೊಸೆಸರ್‌ನಿಂದ ಸ್ಲಾಟಿಗೆ ಹೋಗುವ ದಾರಿ) ಮಾಯವಾಗುತ್ತದೆ. ಕೂಲರ್ ಬಿಚ್ಚಿ ನಾಲ್ಕು ಕಾಲುಗಳನ್ನೂ ಸಮನಾಗಿ ಕೂರಿಸಿದರೆ ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತದೆ.

ಎಚ್61ಕ್ಕಿಂತ ಹಳೆಯ ಜಿ41 ಬೋರ್ಡ್ ಇರುವವರು ಡಿಡಿಆರ್3 4 ಜಿಬಿ ಸ್ಟಿಕ್ ಕೊಳ್ಳುವಾಗ ಎರಡೂ ಬದಿ ಸೇರಿ 16 ಚಿಪ್ ಇರುವುದನ್ನೇ ಕೇಳಿ. 8 ಚಿಪ್ಪಿನದನ್ನು ಆ ಚಿಪ್‌ಸೆಟ್ ಸರಿಯಾಗಿ ಗುರುತಿಸುವುದಿಲ್ಲ. ಅದಕ್ಕೂ ಹಿಂದಿನ ಜಿ31 ಆದರೆ 4 ಜಿಬಿಯೇ ಕೊನೆ, ಯಾವ ಓಎಸ್ ಹಾಕಿದರೂ ಅಷ್ಟೇ.

ಇದಕ್ಕೆ ತಿರುಗಾ ಸಮಸ್ಯೆ ಹೊಸ ಯಂತ್ರಗಳದ್ದು. ಒಳಗೇ ಗ್ರಾಫಿಕ್ಸ್ ಇರುವ ರೈಜೆನ್‌ನಲ್ಲಿ 8 ಜಿಬಿಗೆ 5.9 ಕಂಡರೆ ಬಯೋಸ್ 2 ಜಿಬಿಯನ್ನು ಗ್ರಾಫಿಕ್ಸ್‌ಗೆ ತೆಗೆದಿಟ್ಟಿದೆ ಅಂತ ಅರ್ಥ. 'ಯುಎಂಎ ಫ್ರೇಮ್ ಬಫರ್ ಸೈಜ್' ಎಂಬ ಸೆಟ್ಟಿಂಗ್ ಹುಡುಕಿ 512 ಎಂಬಿ ಮಾಡಿ. ಕಚೇರಿ ಕೆಲಸಕ್ಕೆ ಧಾರಾಳ. ಹಳೆಯದಾಗಲಿ ಹೊಸದಾಗಲಿ, ಬಯೋಸ್‌ನಲ್ಲಿ ಬದಲಿಸಿದ್ದು ಮರುದಿನ ಹಳೆಯ ಸ್ಥಿತಿಗೆ ಮರಳಿ, ಗಡಿಯಾರವೂ ಹಿಂದೆ ಹೋಗಿದ್ದರೆ ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದೆ. ಹೊಸದು ಹಾಕಿ, ರಿಮ್ಯಾಪ್ ಮತ್ತೊಮ್ಮೆ ಎನೇಬಲ್ ಮಾಡಿ ಸೇವ್ ಮಾಡಿ.